ನಾಣ್ಯ ಹೋಯಿತು, ಹೆಸರು ಉಳಿಯಿತು: ದೆನಾರಿಯುಸ್ ಎಂಬ ಪದದ ಓಡಾಟ

(ಪದಗಳ ಚರಿತ್ರೆಯಲ್ಲಿ ಆಸಕ್ತಿ ಇರುವವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡುತ್ತೇನೆ. ದೆನಾರಿಯುಸ್. ರೋಮನ್ನರ ಬೆಳ್ಳಿ ನಾಣ್ಯದ ಹೆಸರು. ಆ ನಾಣ್ಯ ಅಚ್ಚು ಹಾಕುವುದನ್ನು ನಿಲ್ಲಿಸಿ 1,700 ವರ್ಷಕ್ಕೂ ಜಾಸ್ತಿ ಆಯಿತು. ಹೆಸರು ಮಾತ್ರ ಇವತ್ತಿಗೂ ಮ್ಯಾಡ್ರಿಡ್‌ನ ತರಕಾರಿ ಅಂಗಡಿಯಲ್ಲಿದೆ, ಬೆಲ್‌ಗ್ರೇಡ್‌ನ ಬ್ಯಾಂಕಿನಲ್ಲಿದೆ, ಕುವೈತ್‌ನ ಸಂಬಳದ ಚೀಟಿಯಲ್ಲಿದೆ, ನಮ್ಮ ರಾಮನಗರದ ರೇಷ್ಮೆ ರೀಲರ್‌ಗಳ ಬಾಯಲ್ಲೂ ಇದೆ.

ಪದಗಳು ಸೈನಿಕರ ಜೊತೆ, ವ್ಯಾಪಾರಿಗಳ ಜೊತೆ ಊರೂರು ಸುತ್ತುತ್ತವೆ ಅಂತ ನಾವು ಸಾಮಾನ್ಯವಾಗಿ ಹೇಳುತ್ತೇವೆ. ಸುಳ್ಳಲ್ಲ. ಆದರೆ ಈ ಪದವನ್ನು ನಿಜವಾಗಿ ಹೊತ್ತು ತಿರುಗಿದವರು ಲೆಕ್ಕ ಬರೆಯುವವರು ಅನ್ನುವುದು ನನ್ನ ವಾದ. ಚೀಲದಲ್ಲಿ ಇದ್ದಷ್ಟು ದಿನ ಇದು ಬರೀ ಒಂದು ನಾಣ್ಯ. ಲೆಕ್ಕದ ಪುಸ್ತಕ ಹತ್ತಿದ ಮೇಲೆ ಇದನ್ನು ಅಳಿಸುವುದು ಯಾರಿಂದಲೂ ಆಗಲಿಲ್ಲ.

ಮೊದಲು ಹುಟ್ಟು. ಲ್ಯಾಟಿನ್‌ನಲ್ಲಿ ಹತ್ತಕ್ಕೆ ‘ದೆಕೆಮ್’ ಅನ್ನುತ್ತಾರೆ. ಸಂಸ್ಕೃತದ ‘ದಶ’ಕ್ಕೆ ಅದು ದಾಯಾದಿ. ಡಿಸೆಂಬರ್, ಡೆಸಿಮಲ್ ಎಲ್ಲ ಅಲ್ಲಿಂದಲೇ ಬಂದವು. ‘ದೆಕೆಮ್’ಗೆ ‘ದೆನಿ’ ಎಂಬ ಇನ್ನೊಂದು ರೂಪ ಇತ್ತು. ಅದಕ್ಕೆ ‘ತಲಾ ಹತ್ತು’, ‘ಹತ್ತತ್ತು’ ಎಂಬ ಅರ್ಥ. ‘ದೆನಿ’ಗೆ ‘-ಆರಿಯುಸ್’ ಎಂಬ ಬಾಲ ಸೇರಿ ‘ದೆನಾರಿಯುಸ್’ ಆಯಿತು. ಅಂದರೆ ಹತ್ತು ಇರುವಂಥದ್ದು. ಎಂಥ ಹತ್ತು? ಹತ್ತು ‘ಆಸ್’. ಆಸ್ ಅನ್ನುವುದು ರೋಮನ್ನರ ಕಂಚಿನ ನಾಣ್ಯ. ಹತ್ತು ಕಂಚಿನ ನಾಣ್ಯಕ್ಕೆ ಒಂದು ಬೆಳ್ಳಿಯದು.

ಇದು ಚಲಾವಣೆಗೆ ಬಂದದ್ದು ಕ್ರಿ.ಪೂ. 211ರ ಆಸುಪಾಸಿನಲ್ಲಿ, ಶತ್ರು ಸೇನಾಪತಿ ಹ್ಯಾನಿಬಲ್ ಇಟಲಿಯೊಳಗೇ ಬೀಡು ಬಿಟ್ಟು ರೋಮನ್ನರ ನಿದ್ದೆ ಕೆಡಿಸಿದ್ದ ಕಾಲದಲ್ಲಿ. ಇಸವಿಯನ್ನು ಇಷ್ಟು ಕರಾರುವಾಕ್ಕಾಗಿ ಹೇಳಲು ಒಂದು ಕಾರಣ ಇದೆ. ಸಿಸಿಲಿಯಲ್ಲಿ ಮೊರ್ಗಂತೀನ ಎಂಬ ಊರನ್ನು ರೋಮನ್ನರು ಆ ವರ್ಷ ಹಾಳು ಮಾಡಿದ್ದರು. ಆ ನಾಶದ ಪದರವನ್ನು ಅಗೆದಾಗ ಅದರೊಳಗೆ ಹೊಚ್ಚ ಹೊಸ ದೆನಾರಿಯುಸ್ ನಾಣ್ಯಗಳು ಸಿಕ್ಕವು. ಆ ಮೊದಲ ನಾಣ್ಯಗಳ ಒಂದು ಮುಖದಲ್ಲಿ ರೋಮಾ ದೇವಿಯ ತಲೆ, ಆ ತಲೆಯ ಹಿಂದೆಯೇ ಹತ್ತು ಎಂದು ಹೇಳುವ ಎಕ್ಸ್ ಗುರುತು. ತೂಕ ಸುಮಾರು ನಾಲ್ಕೂವರೆ ಗ್ರಾಂ.

ಹೆಸರಿಗೂ ಬೆಲೆಗೂ ಇದ್ದ ನಂಟು 70 ವರ್ಷ ಮಾತ್ರ ಬಾಳಿತು. ಕ್ರಿ.ಪೂ. 141ರ ಸುಮಾರಿಗೆ ಕಂಚಿನ ಆಸ್ ತೂಕ ಕಳೆದುಕೊಂಡು ಅಗ್ಗವಾಗಿತ್ತು. ಸರ್ಕಾರ ಒಂದು ದೆನಾರಿಯುಸ್‌ಗೆ 16 ಆಸ್ ಎಂದು ಹೊಸ ದರ ಕಟ್ಟಿತು. ಹೆಸರು ಹತ್ತು, ಬೆಲೆ ಹದಿನಾರು! ಕೆಲವು ಕಾಲ ನಾಣ್ಯದ ಮೇಲೆ ಎಕ್ಸ್ ತೆಗೆದು ಹದಿನಾರರ ಗುರುತನ್ನೂ ಹಾಕಿದರು. ಹೆಸರು ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಇಲ್ಲಿ ಒಂದು ತಮಾಷೆಯ ಸಂಗತಿ ಇದೆ. ಸೈನಿಕರ ಸಂಬಳದ ಲೆಕ್ಕದಲ್ಲಿ ಮಾತ್ರ ಹತ್ತು ಆಸ್‌ಗೆ ಒಂದು ದೆನಾರಿಯುಸ್ ಎಂಬ ಹಳೇ ದರವೇ ಉಳಿಯಿತು ಅಂತ ರೋಮನ್ ಲೇಖಕ ಪ್ಲಿನಿ ಬರೆಯುತ್ತಾನೆ. ನೋಡಿ, ಅಂಗಡಿ ಬೀದಿ ಬದಲಾದರೂ ಸಂಬಳದ ಪಟ್ಟಿ ಬದಲಾಗಲಿಲ್ಲ. ಲೆಕ್ಕದವರ ಹಟ ಅಂದರೆ ಇದೇ ಅಲ್ವಾ.

ಮುಂದಿನ ಕಥೆ ಬೆಳ್ಳಿ ಕರಗಿದ ಕಥೆ. ಕ್ರಿ.ಶ. 64ರಲ್ಲಿ ನೀರೋ ತೂಕವನ್ನೂ ಇಳಿಸಿದ, ಬೆಳ್ಳಿಯನ್ನೂ ಕಡಿಮೆ ಮಾಡಿದ. ಆಮೇಲೆ ಬಂದವರಲ್ಲಿ ಬಹಳ ಮಂದಿ ಅದೇ ದಾರಿ ಹಿಡಿದರು. 215ರಲ್ಲಿ ಕರಕಲ್ಲ ಒಂದು ಹೊಸ ನಾಣ್ಯ ತಂದ. ಅದರ ಬೆಲೆ ಎರಡು ದೆನಾರಿಯುಸ್, ಒಳಗಿದ್ದ ಬೆಳ್ಳಿ ಒಂದೂವರೆಯಷ್ಟೇ. ಆ ಶತಮಾನದ ನಡುವಿನ ಹೊತ್ತಿಗೆ ದೆನಾರಿಯುಸ್ ಅಚ್ಚು ಹಾಕುವುದು ಹೆಚ್ಚುಕಡಿಮೆ ನಿಂತೇಹೋಯಿತು. 270ರ ಹೊತ್ತಿಗೆ ಆ ಹೊಸ ನಾಣ್ಯದಲ್ಲೂ ನೂರಕ್ಕೆ ಐದು ಪಾಲು ಬೆಳ್ಳಿ ಸಿಗುವುದು ಕಷ್ಟವಾಗಿತ್ತು.

ನಾಣ್ಯ ಸತ್ತರೆ ಪದವೂ ಸಾಯಬೇಕು. ಹಾಗಾಗಲಿಲ್ಲ. 301ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿ ಇಡೀ ಸಾಮ್ರಾಜ್ಯಕ್ಕೆ ಒಂದು ದರಪಟ್ಟಿ ಹೊರಡಿಸಿದ. ಗೋಧಿ, ವೈನ್, ಹಂದಿಮಾಂಸ, ಚಪ್ಪಲಿ, ಕ್ಷೌರಿಕನ ಕೂಲಿ, ಹೀಗೆ ಸಾವಿರಕ್ಕೂ ಹೆಚ್ಚು ಬಾಬ್ತು. ಇದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಮರಣದಂಡನೆ. ಎಲ್ಲ ಬೆಲೆಯೂ ದೆನಾರಿಯುಸ್‌ನಲ್ಲಿದೆ. ಆ ಹೊತ್ತಿಗೆ ಆ ಹೆಸರಿನ ಬೆಳ್ಳಿ ನಾಣ್ಯವೇ ಇರಲಿಲ್ಲ. ಅದು ಎಣಿಕೆಯ ಲೆಕ್ಕವಾಗಿ ಮಾತ್ರ ಉಳಿದಿತ್ತು.

ಎಷ್ಟು ಅಗ್ಗವಾಗಿತ್ತು ಅಂತ ತಿಳಿಯಲು ಎರಡು ಕೂಲಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬೈಬಲ್‌ನ ಮತ್ತಾಯನ ಸುವಾರ್ತೆಯಲ್ಲಿ ದ್ರಾಕ್ಷಿತೋಟದ ಆಳುಗಳ ಕಥೆ ಬರುತ್ತದೆ. ಅಲ್ಲಿ ದಿನಗೂಲಿ ಒಂದು ದೆನಾರಿಯುಸ್. ಡಯೊಕ್ಲೀಷಿಯನ್ನನ ಪಟ್ಟಿಯಲ್ಲಿ ಹೊಲದ ಆಳಿಗೆ ಊಟದ ಮೇಲೆ 25 ದೆನಾರಿಯುಸ್. ಚಿನ್ನದ ಲೆಕ್ಕ ಇನ್ನೂ ಭಯಂಕರ. ನೀರೋ ಕಾಲದಲ್ಲಿ ಒಂದು ರೋಮನ್ ಪೌಂಡ್ ಚಿನ್ನಕ್ಕೆ ಸುಮಾರು 1,100 ದೆನಾರಿಯುಸ್ ಆಗುತ್ತಿತ್ತು. 301ರ ಪಟ್ಟಿಯಲ್ಲಿ ಅದೇ ಪೌಂಡ್‌ಗೆ 72,000.

ನಮ್ಮಲ್ಲೂ ಹೀಗೆ ಆಗಿದೆ. 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂತು. ಆದರೂ 25 ಪೈಸೆಗೆ ನಾಲ್ಕಾಣೆ, 50 ಪೈಸೆಗೆ ಎಂಟಾಣೆ ಅನ್ನುವುದು ಎಷ್ಟು ಕಾಲ ನಡೆಯಿತು! ಆಣೆಯನ್ನು ಕಣ್ಣಲ್ಲಿ ನೋಡದ ಹುಡುಗರೂ ಎಂಟಾಣೆ ಅನ್ನುತ್ತಿದ್ದರು. ಕೈಯಲ್ಲಿ ಇಲ್ಲದ ದುಡ್ಡು ನಾಲಿಗೆಯ ಮೇಲೆ ಇರುತ್ತದೆ.

ಸಾಮ್ರಾಜ್ಯ ಒಡೆದ ಮೇಲೆ ಪದ ಎರಡು ದಾರಿ ಹಿಡಿಯಿತು. ಒಂದು ಪಶ್ಚಿಮಕ್ಕೆ, ಇನ್ನೊಂದು ಪೂರ್ವಕ್ಕೆ. ಪಶ್ಚಿಮದ ದಾರಿಯನ್ನು ಮೊದಲು ಹಿಡಿಯೋಣ.

ಇವತ್ತಿನ ಫ್ರಾನ್ಸ್ ಮತ್ತು ಜರ್ಮನಿಯನ್ನು ಆಳುತ್ತಿದ್ದ ಫ್ರಾಂಕ್ ರಾಜರಿಗೆ ಚಿನ್ನದ ಪೂರೈಕೆ ಬತ್ತಿಹೋಗಿತ್ತು. ಏಳನೇ ಶತಮಾನದಿಂದ ಅವರು ಬೆಳ್ಳಿ ನಾಣ್ಯಕ್ಕೆ ಇಳಿದರು. ಅದಕ್ಕೆ ಹಳೇ ಹೆಸರನ್ನೇ ಇಟ್ಟರು, ದೆನಾರಿಯುಸ್. ಎಂಟನೇ ಶತಮಾನದ ಕೊನೆಗೆ ಫ್ರಾಂಕ್ ದೊರೆ ಷಾರ್ಲಮನ್ ಇದನ್ನು ಗಟ್ಟಿ ಮಾಡಿದ. 794ರ ಫ್ರಾಂಕ್‌ಫರ್ಟ್ ಸಭೆಯಲ್ಲಿ ‘ಹೊಸ ದೆನಾರಿಯುಸ್‌ಗಳನ್ನು ಎಲ್ಲ ಊರಿನಲ್ಲೂ ಒಪ್ಪಿಕೊಳ್ಳಬೇಕು’ ಎಂಬ ಅಪ್ಪಣೆ ಆಯಿತು. ಲೆಕ್ಕ ಹೀಗೆ: 12 ದೆನಾರಿಯುಸ್‌ಗೆ ಒಂದು ಸೊಲಿದುಸ್. 20 ಸೊಲಿದುಸ್‌ಗೆ ಒಂದು ಲಿಬ್ರಾ. ಒಂದು ಲಿಬ್ರಾ ತೂಕದ ಬೆಳ್ಳಿಯಿಂದ 240 ನಾಣ್ಯ. ಇದರಲ್ಲಿ ನಿಜವಾಗಿ ಕೈಗೆ ಸಿಗುತ್ತಿದ್ದದ್ದು ದೆನಾರಿಯುಸ್ ಒಂದೇ. ಸೊಲಿದುಸ್, ಲಿಬ್ರಾ ಎರಡೂ ಬರೀ ಎಣಿಕೆ. ಮಠದ ಗುಮಾಸ್ತ ಕಾಗದದ, ಅಲ್ಲಲ್ಲ, ಚರ್ಮದ ಹಾಳೆಯ ಮೇಲೆ ಬರೆಯುವುದಕ್ಕೆ ಇದ್ದ ಎಣಿಕೆ.

ಈ ಮೂರು ಅಕ್ಷರ ನಿಮಗೆ ಗೊತ್ತು: ಎಲ್, ಎಸ್, ಡಿ. ಇಂಗ್ಲೆಂಡಿನವರು ಇದೇ ಲೆಕ್ಕ ಹಿಡಿದು ಪೌಂಡ್, ಷಿಲಿಂಗ್, ಪೆನ್ನಿ ಅಂದರು. ಬಾಯಲ್ಲಿ ತಮ್ಮ ಪದ, ಬರೆಯುವಾಗ ಲ್ಯಾಟಿನ್ ಅಕ್ಷರ. ಪೌಂಡಿನ ಗುರುತು ಲಿಬ್ರಾದ ಎಲ್. ಪೆನ್ನಿಗೆ ದೆನಾರಿಯುಸ್‌ನ ಡಿ. ಆರು ಪೆನ್ನಿ ಅಂದರೆ 6ಡಿ. 1971ರ ಫೆಬ್ರವರಿ 15ರವರೆಗೆ, ಬ್ರಿಟನ್ ದಶಮಾಂಶಕ್ಕೆ ತಿರುಗುವ ತನಕ, ಲಂಡನ್ನಿನ ಪ್ರತಿ ಅಂಗಡಿಯ ಬೆಲೆಚೀಟಿಯಲ್ಲೂ ಆ ಡಿ ಇತ್ತು. ಆ ದಿನದಿಂದ ಪಿ. ಜರ್ಮನ್ನರು ತಮ್ಮ ಪುಡಿನಾಣ್ಯವಾದ ಪ್ಫೆನಿಗ್‌ಗೆ ಬಳಸುತ್ತಿದ್ದ ಸುರುಳಿ ಗುರುತು ಕೂಡ ಇದೇ ಡಿ ಬಾಗಿ ಬಳುಕಿ ಆದದ್ದು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ದ್ರಾಕ್ಷಿತೋಟದ ಆಳಿಗೆ ದಿನಕ್ಕೊಂದು ‘ಪೆನ್ನಿ’ ಕೊಟ್ಟಿದ್ದಾರೆ. ಇವತ್ತು ಓದಿದರೆ ಮಾಲೀಕ ಮಹಾ ಜಿಪುಣ ಅನ್ನಿಸುತ್ತದೆ. ದೆನಾರಿಯುಸ್ ಅಂದರೆ ಪೆನ್ನಿ ಎಂಬ ಲೆಕ್ಕದವರ ಸಮೀಕರಣವನ್ನು ಅನುವಾದಕರು ಹಾಗೇ ಎತ್ತಿಕೊಂಡಿದ್ದರು, ಅಷ್ಟೇ.

ಲ್ಯಾಟಿನ್ನಿನ ಮಕ್ಕಳಾದ ಭಾಷೆಗಳಲ್ಲಿ ಪದ ಬಾಯಿಂದ ಬಾಯಿಗೆ ಸವೆಯುತ್ತಾ ಬಂತು. ಇಲ್ಲಿ ‘-ಆರಿಯುಸ್’ ಬಾಲ ಏನಾಯಿತು ಅನ್ನುವುದು ಬಹಳ ಚೆಂದದ ವಿಷಯ. ಸ್ಪ್ಯಾನಿಷ್‌ನಲ್ಲಿ ಅದು ‘-ಎರೊ’ ಆಗುತ್ತದೆ, ಪೋರ್ಚುಗೀಸ್‌ನಲ್ಲಿ ‘-ಎಯ್ರು’, ಕ್ಯಾಟಲನ್‌ನಲ್ಲಿ ‘-ಎ’ (ಬರವಣಿಗೆಯಲ್ಲಿ ಕೊನೆಗೆ ಆರ್ ಇದೆ, ಬಾಯಲ್ಲಿ ಇಲ್ಲ), ಫ್ರೆಂಚ್‌ನಲ್ಲಿ ‘-ಯೆ’, ಇಟಾಲಿಯನ್‌ನಲ್ಲಿ ‘-ಆರೊ’. ಹಾಗಾಗಿ ದಿನೇರೊ, ದಿನ್ಯೆಯ್ರು, ದಿನೆ, ದನ್ಯೆ, ದೆನಾರೊ.

ಇದು ನಾನು ಸುಮ್ನೆ ಜೋಡಿಸಿದ್ದಲ್ಲ ಅನ್ನುವುದಕ್ಕೆ ಇನ್ನೊಂದು ಪದ ನೋಡಿ. ಲ್ಯಾಟಿನ್‌ನಲ್ಲಿ ಕಬ್ಬಿಣ ‘ಫೆರುಮ್’, ಕಮ್ಮಾರ ‘ಫೆರಾರಿಯುಸ್’. ಸ್ಪ್ಯಾನಿಷ್ ಕಮ್ಮಾರ ಎರೇರೊ. ಪೋರ್ಚುಗೀಸ್ ಕಮ್ಮಾರ ಫೆರೆಯ್ರು, ಅದರ ಜೊತೆಯ ಮನೆತನದ ಹೆಸರು ಫೆರೆಯ್ರಾ. ಕ್ಯಾಟಲನ್ ಫೆರೆರ್. ಇಟಲಿಯಲ್ಲಿ ಫೆರಾರಿ, ಅದೇ ಕಾರಿನ ಹೆಸರು. ಫುಟ್‌ಬಾಲ್, ಟೆನಿಸ್ ನೋಡುವವರಿಗೆ ಈ ಹೆಸರುಗಳೆಲ್ಲ ಪರಿಚಯ ಇರುತ್ತವೆ. ಬಾಲ ಸವೆದ ರೀತಿ ಎರಡೂ ಪದಗಳಲ್ಲಿ ಒಂದೇ. ಪದದ ಮೂಲ ಹುಡುಕುವವರು ನಂಬುವುದು ಇಂಥ ಸಾಲುಸಾಲು ಹೋಲಿಕೆಯನ್ನು. ಒಂದು ಪದ ಇನ್ನೊಂದರಂತೆ ಕೇಳಿಸಿದ ಮಾತ್ರಕ್ಕೆ ಅದು ಸಾಕ್ಷಿ ಆಗುವುದಿಲ್ಲ.

ಆ ಮಾತಿಗೆ ರಷ್ಯನ್ ಒಳ್ಳೆಯ ಉದಾಹರಣೆ. ರಷ್ಯನ್ನಿನಲ್ಲಿ ಹಣಕ್ಕೆ ‘ದೆಂಗಿ’. ದಿನೇರೊಗೆ ಅಣ್ಣನೋ ತಮ್ಮನೋ ಅನ್ನುವ ಹಾಗೆ ಕೇಳಿಸುತ್ತದೆ. ಸಂಬಂಧವೇ ಇಲ್ಲ. ಅದು ತುರ್ಕಿ ಮೂಲದ್ದು, ಕಜಕಸ್ತಾನದ ‘ತೆಂಗೆ’ಗೆ ನೆಂಟ. ಇನ್ನೊಂದು ಕಡೆ ಬಾಸ್ಕ್ ಭಾಷೆ ಇದೆ. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬೆಟ್ಟಗಳಲ್ಲಿ ಆಡುವ ಅದಕ್ಕೆ ಯುರೋಪಿನ ಬೇರೆ ಯಾವ ಭಾಷೆಯ ಜೊತೆಯೂ ರಕ್ತಸಂಬಂಧ ಇಲ್ಲ. ಅಲ್ಲಿ ಹಣಕ್ಕೆ ‘ದಿರು’. ದೆನಾರಿಯುಸ್‌ಗೂ ಇದಕ್ಕೂ ಏನು ಅನ್ನಿಸುತ್ತದೆ. ಆದರೆ ಬಾಸ್ಕ್‌ನಲ್ಲಿ ಎರಡು ಸ್ವರದ ನಡುವಿನ ನಕಾರ ಬಿದ್ದುಹೋಗುತ್ತದೆ. ಲ್ಯಾಟಿನ್ನಿನ ‘ಕತೇನ’ (ಸರಪಳಿ) ಅಲ್ಲಿ ‘ಕತೆಅ’. ಹಾಗೇ ದಿನಾರುವಿನ ನಕಾರ ಬಿದ್ದು ದಿರು ಉಳಿಯಿತು. ಹೋಲುವ ದೆಂಗಿ ಹೊರಗಿನದು, ಹೋಲದ ದಿರು ಮನೆಯದು.

ಅರ್ಥದಲ್ಲೂ ಒಂದು ಬದಲಾವಣೆ ಆಯಿತು. ಸ್ಪೇನ್, ಪೋರ್ಚುಗಲ್‌ಗಳಲ್ಲಿ ಇದು ಒಂದು ನಾಣ್ಯದ ಹೆಸರಾಗಿ ಉಳಿಯದೆ ‘ಹಣ’ ಎಂಬ ಅರ್ಥಕ್ಕೆ ಹಿಗ್ಗಿತು. ಸ್ಪ್ಯಾನಿಷ್ ಕಲಿಯುವವರು ಮೊದಲ ವಾರದಲ್ಲೇ ದಿನೇರೊ ಕಲಿಯುತ್ತಾರೆ. ಇಟಲಿಯಲ್ಲಿ ದೆನಾರೊ ಸ್ವಲ್ಪ ಬಿಗುವಿನ, ಪತ್ರಿಕೆ ಮತ್ತು ಕೋರ್ಟಿನ ಪದ. ಬೀದಿಯಲ್ಲಿ ಜನ ‘ಸೊಲ್ದಿ’ ಅನ್ನುತ್ತಾರೆ. ಅದು ಸೊಲಿದುಸ್‌ನ ಮಗು. ಅಂದರೆ ಷಾರ್ಲಮನ್ನನ ಲೆಕ್ಕದ ಎರಡು ಹೆಸರು ಇಟಲಿಯಲ್ಲಿ ಹಣ ಎಂಬ ಒಂದೇ ಜಾಗಕ್ಕೆ ಜಗಳ ಆಡಿ, ಬೀದಿಯಲ್ಲಿ ಸೊಲ್ದಿ ಗೆದ್ದಿತು. ಮೂರನೆಯದಾದ ಲಿಬ್ರಾ ‘ಲಿರಾ’ ಆಗಿ ಯೂರೊ ಬರುವ ತನಕ ಆ ದೇಶದ ಹಣವಾಗಿತ್ತು. ಇಟಲಿಯ ಇಸ್ಪೀಟಿನಲ್ಲಿ ಡೈಮಂಡ್ ಜಾಗದಲ್ಲಿ ನಾಣ್ಯದ ಚಿತ್ರ ಇರುತ್ತದೆ. ಆ ಬಣ್ಣದ ಹೆಸರು ‘ದೆನಾರಿ’.

ಫ್ರೆಂಚರು ಬೇರೆ ದಾರಿ ಹಿಡಿದರು. ಅವರಿಗೆ ಹಣ ಅಂದರೆ ‘ಅರ್ಜಾಂ’, ಬೆಳ್ಳಿ. ‘ದನ್ಯೆ’ ಎಂಬ ಪುಟ್ಟ ನಾಣ್ಯ ಕ್ರಾಂತಿಯ ಕಾಲದಲ್ಲಿ ಫ್ರಾಂಕ್ ಮತ್ತು ಸಾಂತೀಮ್ ಬಂದಾಗ ಮೂಲೆಗೆ ಬಿತ್ತು. ಆದರೂ ಪದ ಪೂರ್ತಿ ಹೋಗಲಿಲ್ಲ. ಸರ್ಕಾರದ ಬೊಕ್ಕಸದ ಹಣಕ್ಕೆ ಇವತ್ತೂ ‘ಸಾರ್ವಜನಿಕ ದನ್ಯೆಗಳು’ ಅನ್ನುತ್ತಾರೆ. ಯೂದ ಏಸುವನ್ನು ಹಿಡಿದುಕೊಟ್ಟದ್ದು ‘ಮೂವತ್ತು ದನ್ಯೆ’ಗೆ.

ಫ್ರಾನ್ಸ್‌ನಲ್ಲಿ ದನ್ಯೆ ಒಂದು ಸಣ್ಣ ತೂಕದ ಹೆಸರೂ ಆಗಿತ್ತು, ಸುಮಾರು ಒಂದೂಕಾಲು ಗ್ರಾಂ. ರೇಷ್ಮೆ ನೂಲಿಗೆ ಫ್ರಾನ್ಸ್‌ನ ಲಿಯೋಂ ನಗರ ಹೆಸರುವಾಸಿ. ನೂಲು ಎಷ್ಟು ನಯ ಅನ್ನುವುದನ್ನು ಕಣ್ಣಲ್ಲಿ ಹೇಳುವುದು ಕಷ್ಟ. ಅದಕ್ಕೆ ಇಷ್ಟು ಉದ್ದದ ಲಡಿ ಎಷ್ಟು ದನ್ಯೆ ತೂಗುತ್ತದೆ ಅಂತ ನೋಡುತ್ತಿದ್ದರು. ತೂಕ ಕಡಿಮೆ ಆದಷ್ಟೂ ನೂಲು ನಯ. ಆಮೇಲೆ ಮೆಟ್ರಿಕ್ ಬಂದಾಗ 9,000 ಮೀಟರ್ ನೂಲು ಒಂದು ಗ್ರಾಂ ತೂಗಿದರೆ ಒಂದು ಡೆನಿಯರ್ ಅಂತ ನಿಗದಿ ಮಾಡಿದರು. ಇಂಗ್ಲಿಷ್ ಮೂಲಕ ಅದು ಡೆನಿಯರ್ ಆಗಿ ನಮ್ಮಲ್ಲಿಗೂ ಬಂತು. ರಾಮನಗರ, ಶಿಡ್ಲಘಟ್ಟದ ರೀಲರ್‌ಗಳು ‘20/22 ಡೆನಿಯರ್’ ಅನ್ನುವಾಗ ಹೇಳುತ್ತಿರುವುದು ಇದನ್ನೇ. ಗೂಡನ್ನು ಬಿಸಿನೀರಿಗೆ ಹಾಕಿ, ಹಲವು ಗೂಡುಗಳ ಎಳೆ ಸೇರಿಸಿ, ಕೊನೆಗೆ ಬರುವ ನೂಲು 9,000 ಮೀಟರ್‌ಗೆ 20ರಿಂದ 22 ಗ್ರಾಂ ಒಳಗೆ ಇರಬೇಕು. ನಾಜೂಕಿನ ಲೆಕ್ಕ. ಅಂತರರಾಷ್ಟ್ರೀಯ ಮಾನದಂಡದವರು ‘ಟೆಕ್ಸ್’ ಎಂಬ ಹೊಸ ಅಳತೆ ತಂದು ಎಷ್ಟೋ ಕಾಲವಾಯಿತು. 1,000 ಮೀಟರ್‌ಗೆ ಎಷ್ಟು ಗ್ರಾಂ ಅನ್ನುವ ಸುಲಭ ಅಳತೆ ಅದು. ರೇಷ್ಮೆಯವರು ಡೆನಿಯರ್ ಬಿಟ್ಟಿಲ್ಲ.

ಈಗ ಪೂರ್ವದ ದಾರಿ. ಇದು ಸುತ್ತುದಾರಿ. ಕೊನೆಗೆ ಯುರೋಪಿಗೇ ವಾಪಸ್ ಬರುತ್ತದೆ.

ಗ್ರೀಕರು ಈ ಪದವನ್ನು ‘ದೇನಾರಿಯೊನ್’ ಮಾಡಿಕೊಂಡರು. ರೋಮನ್ನರ ಚಿನ್ನದ ನಾಣ್ಯಕ್ಕೂ ‘ಚಿನ್ನದ ದೆನಾರಿಯುಸ್’ ಎಂಬ ಹೆಸರು ಇತ್ತು. ಪೂರ್ವದಲ್ಲಿ ‘ಚಿನ್ನದ’ ಎಂಬ ಮುಂಭಾಗ ಉದುರಿ, ಬರೀ ಎರಡನೆಯ ಪದವೇ ಚಿನ್ನದ ನಾಣ್ಯದ ಹೆಸರಾಯಿತು. ಪಶ್ಚಿಮದಲ್ಲಿ ಪುಡಿಗಾಸು, ಪೂರ್ವದಲ್ಲಿ ಚಿನ್ನ. ಭಾರತಕ್ಕೆ ಬಂದದ್ದು ಈ ಚಿನ್ನದ ಅರ್ಥವೇ. ಬೆಳ್ಳಿ ನಾಣ್ಯಗಳೂ ಬಂದವು, ಧಾರಾಳವಾಗಿ. ಭಾರತದ ಸರಕಿಗಾಗಿ ವರ್ಷಕ್ಕೆ ಐದು ಕೋಟಿ ಸೆಸ್ತೆರ್ತಿಯುಸ್, ಅಂದರೆ ಒಂದೂಕಾಲು ಕೋಟಿ ದೆನಾರಿಯುಸ್ ಹರಿದುಹೋಗುತ್ತಿದೆ ಅಂತ ಪ್ಲಿನಿ ಗೊಣಗಿದ್ದು ಪ್ರಸಿದ್ಧ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ಬೆಳ್ಳಿ ದೆನಾರಿಯುಸ್‌ಗಳು ಆ ಗೊಣಗಾಟದ ಇನ್ನೊಂದು ತುದಿ.

ಸಂಸ್ಕೃತದಲ್ಲಿ ಇದು ‘ದೀನಾರ’. ಅಮರಕೋಶ ‘ನಿಷ್ಕ’ದ ಅರ್ಥಗಳಲ್ಲಿ ದೀನಾರವನ್ನೂ ಸೇರಿಸುತ್ತದೆ. ಸಾಂಚಿಯ ಸ್ತೂಪದ ಬೇಲಿಯ ಮೇಲೆ ಗುಪ್ತರ ಕಾಲದ, ಕ್ರಿ.ಶ. 412-13ರ ಶಾಸನ ಇದೆ. ಬೌದ್ಧ ಭಿಕ್ಷುಗಳ ಊಟಕ್ಕೆ, ದೀಪಕ್ಕೆ ಅಂತ ಒಬ್ಬ ಅಧಿಕಾರಿ 25 ದೀನಾರ ದತ್ತಿ ಇಟ್ಟಿದ್ದಾನೆ. ಡಯೊಕ್ಲೀಷಿಯನ್ನನ ರಾಜ್ಯದಲ್ಲಿ 25 ಅಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಇಲ್ಲಿ 25 ಅಂದರೆ ಅದರ ಬಡ್ಡಿಯಲ್ಲಿ ದತ್ತಿ ನಡೆಯುವಷ್ಟು ಚಿನ್ನ. ಪದ ಒಂದೇ. ಜೈನರ ಕಲ್ಪಸೂತ್ರದಲ್ಲಿ ಲಕ್ಷ್ಮಿಯ ವರ್ಣನೆ ಬರುತ್ತದೆ. ಅವಳ ಎದೆಯ ಮೇಲೆ ದೀನಾರಗಳ ಮಾಲೆ ಇದೆ. ನಮ್ಮ ಕಾಸಿನ ಸರ ನೆನಪಾಗುವುದಿಲ್ವಾ?

ಕಾಶ್ಮೀರದಲ್ಲಿ ಮತ್ತೆ ರೋಮಿನ ಕಥೆಯೇ ನಡೆಯಿತು. ಜಯಾಪೀಡ ರಾಜನ ಸಭಾಪತಿ ಭಟ್ಟ ಉದ್ಭಟನಿಗೆ ದಿನಕ್ಕೆ ಒಂದು ಲಕ್ಷ ದೀನಾರ ಸಂಬಳ ಅಂತ ಕಾಶ್ಮೀರದ ಚರಿತ್ರೆಯಾದ ರಾಜತರಂಗಿಣಿಯಲ್ಲಿ ಕಲ್ಹಣ ಬರೆಯುತ್ತಾನೆ. ಅಲಂಕಾರಶಾಸ್ತ್ರದ ಮೇಷ್ಟರಿಗೆ ದಿನಕ್ಕೆ ಲಕ್ಷ ಚಿನ್ನದ ನಾಣ್ಯ! ಹಾಗೇನಿಲ್ಲ. ಕಾಶ್ಮೀರದಲ್ಲಿ ಆ ಹೊತ್ತಿಗೆ ದೀನಾರ ಒಂದು ಚಿಲ್ಲರೆ ಎಣಿಕೆ ಆಗಿತ್ತು. ರಾಜತರಂಗಿಣಿಯನ್ನು ಇಂಗ್ಲಿಷಿಗೆ ತಂದ ಔರೆಲ್ ಸ್ಟೈನ್ ಇದನ್ನು ವಿವರವಾಗಿ ಲೆಕ್ಕ ಹಾಕಿ ತೋರಿಸಿದ್ದಾರೆ.

ಅರಬರಿಗೆ ಬರೋಣ. ಕುರಾನಿನ ಮೂರನೆಯ ಸೂರಾದಲ್ಲೇ ‘ದೀನಾರ್’ ಪದ ಇದೆ. ಹಿಜರಿ 77ರಲ್ಲಿ, ಅಂದರೆ ಕ್ರಿ.ಶ. 696-97ರಲ್ಲಿ, ಖಲೀಫ ಅಬ್ದುಲ್ ಮಲಿಕ್ ರಾಜರ ಮುಖ ಇಲ್ಲದ, ಬರೀ ಅಕ್ಷರಗಳಿರುವ ಚಿನ್ನದ ದೀನಾರ್ ಅಚ್ಚು ಹಾಕಿಸಿದ. ತೂಕ 4.25 ಗ್ರಾಂ. ಆ ನಾಣ್ಯ ಎಷ್ಟು ನಂಬಿಕೆಯದಾಗಿತ್ತು ಅಂದರೆ ಯುರೋಪಿನವರೂ ಅದನ್ನು ನಕಲು ಮಾಡಿದರು.

ಈ ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ವಸ್ತು ಅಂಥದೊಂದು ನಕಲು. ಅದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇಂಗ್ಲೆಂಡಿನ ಮರ್ಸಿಯಾ ರಾಜ್ಯದ ದೊರೆ ಒಫಾ, ಆಳಿದ್ದು 757ರಿಂದ 796. ಅವನ ಹೆಸರಿನ ಒಂದು ಚಿನ್ನದ ನಾಣ್ಯ. ಬಗ್ದಾದ್ ಖಲೀಫ ಅಲ್ ಮನ್ಸೂರ್‌ನ ಹಿಜರಿ 157ರ ದೀನಾರ್‌ನ ನಕಲು. ಅಲ್ಲಾಹನ ಹೊರತು ದೇವರಿಲ್ಲ ಎಂಬ ಅರಬ್ಬಿ ಸಾಲುಗಳ ನಡುವೆ ಲ್ಯಾಟಿನ್ ಅಕ್ಷರದಲ್ಲಿ ‘ಒಫಾ ರೆಕ್ಸ್’, ಅಂದರೆ ಒಫಾ ರಾಜ. ಅದೂ ತಲೆಕೆಳಗಾಗಿ! ಅಚ್ಚು ಕೊರೆದವನಿಗೆ ಅರಬ್ಬಿ ಓದಲು ಬರುತ್ತಿರಲಿಲ್ಲ. ಮೇಲೆ ಯಾವುದು, ಕೆಳಗೆ ಯಾವುದು ಅಂತ ಗೊತ್ತಾಗಿಲ್ಲ. ಇದೇ ಒಫಾ ಬೆಳ್ಳಿಯ ಪೆನ್ನಿಗಳನ್ನೂ ಅಚ್ಚು ಹಾಕಿಸಿದ. ಲ್ಯಾಟಿನ್ ಲೆಕ್ಕದಲ್ಲಿ ಅವು ದೆನಾರಿಯುಸ್. ಅಲ್ಲಿಗೆ ಪಶ್ಚಿಮಕ್ಕೆ ಹೋದ ಬೆಳ್ಳಿಯದೂ ಪೂರ್ವಕ್ಕೆ ಹೋದ ಚಿನ್ನದ್ದೂ ಒಬ್ಬನೇ ರಾಜನ ಟಂಕಸಾಲೆಯ ಹೆಸರು ಹೊತ್ತು ಕೂತಿವೆ.

ಬಾಲ್ಕನ್ ಕಡೆ ಒಂದು ನೋಟ ಹಾಯಿಸಿ ಮುಗಿಸುತ್ತೇನೆ. ಸರ್ಬಿಯಾದ ರಾಜರು ಮಧ್ಯಯುಗದಲ್ಲೇ ವೆನಿಸ್ಸಿನ ಬೆಳ್ಳಿ ನಾಣ್ಯ ನೋಡಿ ತಮ್ಮ ದಿನಾರ್ ಅಚ್ಚು ಹಾಕಿಸಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಸರ್ಬಿಯಾ ಮತ್ತೆ ತಲೆಯೆತ್ತಿದಾಗ ಅದೇ ಹೆಸರನ್ನು ವಾಪಸ್ ತಂದರು. ಆಮೇಲೆ ಯುಗೊಸ್ಲಾವಿಯಾಕ್ಕೂ ದಿನಾರ್. 1993ರಲ್ಲಿ ಅಲ್ಲಿ ಹಣದುಬ್ಬರ ಹುಚ್ಚೆದ್ದಾಗ 50,000 ಕೋಟಿ ದಿನಾರ್‌ನ ಒಂದು ನೋಟು ಹೊರಬಂತು. ಐದರ ಮುಂದೆ ಹನ್ನೊಂದು ಸೊನ್ನೆ. ಡಯೊಕ್ಲೀಷಿಯನ್ ಇದ್ದಿದ್ದರೆ ಮತ್ತೊಂದು ದರಪಟ್ಟಿ ಬರೆಸುತ್ತಿದ್ದನೋ ಏನೋ. ಅವನು ಹುಟ್ಟಿದ್ದೂ ಆ ಸೀಮೆಯಲ್ಲೇ, ಇವತ್ತಿನ ಕ್ರೊಯೇಷಿಯಾದ ಕರಾವಳಿಯಲ್ಲಿ. ದೇಶ ಒಡೆದ ಮೇಲೂ ಸರ್ಬಿಯಾ ದಿನಾರ್ ಬಿಡಲಿಲ್ಲ. ಮ್ಯಾಸಿಡೋನಿಯಾ 1992ರಲ್ಲಿ ‘ದೆನಾರ್’ ಅಂತ ಇಟ್ಟುಕೊಂಡಿತು. ಸ್ಲೊವೇನಿಯಾದವರು ಯೂರೊಗೆ ಹೋದರು, ಆದರೆ ಅವರ ಭಾಷೆಯಲ್ಲಿ ಹಣ ಎಂಬುದಕ್ಕೆ ಇರುವ ಪದವೇ ‘ದೆನಾರ್’.

ಪ್ರಶ್ನೆಗಳು

ಒಬ್ಬ ಹಿರಿಯರು ಕೇಳಿದರು: ‘ನಮ್ಮ ಕಾಸು, ಇಂಗ್ಲಿಷಿನ ಕ್ಯಾಶ್, ಎರಡೂ ಒಂದೇನಾ?’

ಸರ್, ಇಂಗ್ಲಿಷಿನಲ್ಲಿ ಎರಡು ಕ್ಯಾಶ್ ಇವೆ. ಕೈಯಲ್ಲಿರುವ ನಗದು ಎಂಬ ಅರ್ಥದ ಕ್ಯಾಶ್ ಬಂದದ್ದು ಲ್ಯಾಟಿನ್ನಿನ ‘ಕಪ್ಸಾ’ದಿಂದ. ಅಂದರೆ ಪೆಟ್ಟಿಗೆ. ಫ್ರೆಂಚ್, ಇಟಾಲಿಯನ್ ಮೂಲಕ ಇಂಗ್ಲಿಷಿಗೆ ಹೋಯಿತು. ಹಣದ ಪೆಟ್ಟಿಗೆ ಹೋಗಿ ಹಣವೇ ಆಯಿತು. ಈಸ್ಟ್ ಇಂಡಿಯಾ ಕಂಪನಿಯವರು ಮದ್ರಾಸಿನಲ್ಲಿ ಲೆಕ್ಕ ಇಡುತ್ತಿದ್ದ ಕ್ಯಾಶ್ ಬೇರೆ. ಅದು ನಮ್ಮ ಕಡೆಯ ಕಾಸು, ಪೋರ್ಚುಗೀಸರ ಬಾಯಿಗೆ ಬಿದ್ದು ಹಾಗಾಯಿತು. 80 ಕಾಸಿಗೆ ಒಂದು ಫನಂ, ಅಂದರೆ ‘ಹಣ’ ಎಂಬ ನಾಣ್ಯ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳಲ್ಲಿ ಕನ್ನಡದಲ್ಲಿ ‘ಮಯಿಲಿ ಕಾಸು’ ಅಂತಲೂ ಇಂಗ್ಲಿಷಿನಲ್ಲಿ ‘ಕ್ಯಾಶ್’ ಅಂತಲೂ ಎರಡೂ ಇದೆ. ಸಿಕ್ಕರೆ ನೋಡಿ.

ಇನ್ನೊಬ್ಬರು, ಕುವೈತ್‌ನಲ್ಲಿ ಕೆಲಸ ಮಾಡಿ ಬಂದವರು, ಕೇಳಿದರು: ‘ಅಲ್ಲಿ ದೀನಾರ್‌ಗೆ ಮುಂಚೆ ನಮ್ಮ ರೂಪಾಯಿಯೇ ನಡೆಯುತ್ತಿತ್ತಂತೆ, ಹೌದಾ? ಮತ್ತೆ ಫಿಲ್ಸ್ ಅನ್ನುವುದು ಎಲ್ಲಿಯ ಪದ?’

ಹೌದು. 1961ರವರೆಗೆ ಅಲ್ಲಿ ರೂಪಾಯಿ ನಡೆಯುತ್ತಿತ್ತು. 1959ರಲ್ಲಿ ಕೊಲ್ಲಿ ದೇಶಗಳಿಗಾಗಿಯೇ ಭಾರತದ ರಿಸರ್ವ್ ಬ್ಯಾಂಕ್ ಬೇರೆ ಬಣ್ಣದ ನೋಟು ಹೊರಡಿಸಿತ್ತು. ಆಮೇಲೆ ಹದಿಮೂರು ಚಿಲ್ಲರೆ ರೂಪಾಯಿಗೆ ಒಂದು ದೀನಾರ್ ಅಂತ ಬದಲಾಯಿಸಿಕೊಂಡರು. ಇವತ್ತು ಆ ದರ ಕೇಳಿದರೆ ಹೊಟ್ಟೆ ಉರಿಯುತ್ತದೆ.

ಫಿಲ್ಸ್ ಕೂಡ ಲ್ಯಾಟಿನ್ನೇ. ಅದು ‘ಫೊಲ್ಲಿಸ್’ ಎಂಬ ಕಂಚಿನ ನಾಣ್ಯದ ಹೆಸರು. ಅದೂ ಗ್ರೀಕ್ ಮೂಲಕ ಅರಬ್ಬಿಗೆ ಹೋಯಿತು. ಫೊಲ್ಲಿಸ್ ಅಂದರೆ ಮೂಲದಲ್ಲಿ ಚರ್ಮದ ಚೀಲ, ಕಮ್ಮಾರನ ತಿದಿ. ಗಾಳಿ ತುಂಬಿದ ತಿದಿ ಎಂಬ ಅರ್ಥ ಹಿಡಿದು ಲ್ಯಾಟಿನ್ ಜನ ತಲೆಯಲ್ಲಿ ಬರೀ ಗಾಳಿ ಇರುವವನನ್ನೂ ಹಾಗೇ ಕರೆದರು. ಅದು ಫ್ರೆಂಚ್ ದಾಟಿ ಇಂಗ್ಲಿಷಿನ ‘ಫೂಲ್’ ಆಯಿತು. ಕುವೈತ್‌ನಲ್ಲಿ ಒಂದು ದೀನಾರ್‌ಗೆ ಸಾವಿರ ಫಿಲ್ಸ್ ಅಲ್ವಾ? ಪದದ ಲೆಕ್ಕದಲ್ಲಿ ಸಾವಿರ ದಡ್ಡರು ಸೇರಿದರೆ ಒಂದು ದೀನಾರ್.